ಜೇಬಿಗಿಳಿದ ಪ್ರಶ್ನೆ

ಉಪನ್ಯಾಸ ಏರ್ಪಡಿಸುವವರಿಗೆ ಭಾಷಣಕಾರರಿಗಿಂತ ಪ್ರಶ್ನೆ ಕೇಳುವವರ ಭಯವೇ ಹೆಚ್ಚು. ಚಿಕ್ಕಬಳ್ಳಾಪುರದಲ್ಲಿ ತಿಂಗಳಿಗೊಂದು ಭಾನುವಾರ ನಾವು ಕೆಲವರು ಸೇರಿ ಉಪನ್ಯಾಸ ನಡೆಸುತ್ತೇವೆ. ಒಂದು ತಿಂಗಳು ವಿಜ್ಞಾನ, ಮರುತಿಂಗಳು ಸಾಹಿತ್ಯವೋ ಇತಿಹಾಸವೋ. ಶುರುವಿನಲ್ಲಿ ಸಭಿಕರ ಕೈಗೇ ಮೈಕು ಕೊಡುತ್ತಿದ್ದೆವು. ನಿವೃತ್ತರೊಬ್ಬರು ಗ್ರಹಣದ ಬಗ್ಗೆ ಪ್ರಶ್ನೆ ಕೇಳುತ್ತೇನೆಂದು ಎದ್ದು, ತಮ್ಮ ಸೇವಾವಧಿಯ ವರ್ಗಾವಣೆಗಳನ್ನೆಲ್ಲ ವಿವರಿಸಿ, ಪ್ರಶ್ನೆ ಕೇಳದೆಯೇ ಕೂತ ಮೇಲೆ ಚೀಟಿ ಪದ್ಧತಿ ತಂದೆವು. ಚೀಟಿಯಲ್ಲಿ ಹೆಸರು, ಊರು, ಪ್ರಶ್ನೆ ಬರೆದು ಮುಂದಕ್ಕೆ ದಾಟಿಸಬೇಕು. ಅವುಗಳಲ್ಲಿ ನಾಲ್ಕನ್ನು ಆರಿಸಿ ಓದುವವನು ನಿರೂಪಕನಾದ ನಾನು. ಉಳಿದವು ನನ್ನ ಜುಬ್ಬಾದ ಜೇಬಿಗೆ ಇಳಿಯುತ್ತಿದ್ದವು, ಜೇಬಿನಿಂದ ಮನೆಯ ಕಸದ ಬುಟ್ಟಿಗೆ ಹೋಗುತ್ತಿದ್ದವು.

ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. ಊರು ಗೌರಿಬಿದನೂರು ತಾಲ್ಲೂಕಿನ ತೊಂಡೇಬಾವಿ. ಮೈಕು ಸಿಕ್ಕರೆ ಸುಲಭಕ್ಕೆ ಬಿಡುವ ಆಸಾಮಿಯಲ್ಲ. ನಿರೂಪಣೆ ಎಂದರೆ ನನ್ನ ಲೆಕ್ಕದಲ್ಲಿ ಅತಿಥಿಗೆ ಮುಜುಗರವಾಗದಂತೆ ನೋಡಿಕೊಳ್ಳುವುದು. ಸಭಿಕರಿಗೂ ಮುಜುಗರವಾಗಬಹುದು ಎನ್ನುವುದು ನನಗೆ ಹೊಳೆದೇ ಇರಲಿಲ್ಲ.

ಅಂಥ ಒಂದು ಭಾನುವಾರ ಬೆಂಗಳೂರಿನಿಂದ ಬಂದಿದ್ದ ವಿಜ್ಞಾನಿಯೊಬ್ಬರು ಕೀಟಗಳು ಪೊರೆ ಬಿಡುವುದರ ಬಗ್ಗೆ ಮಾತಾಡಿದರು. ಚೆನ್ನಾಗಿಯೇ ಮಾತಾಡಿದರು. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯ ಗೋಡೆಗೂ ನಾವು ಪೋಸ್ಟರ್ ಅಂಟಿಸಿದ್ದರಿಂದ ರೇಷ್ಮೆ ಬೆಳೆಯುವವರು ಐದಾರು ಮಂದಿ ಬಂದಿದ್ದರು. ಅವರಲ್ಲಿ ಒಬ್ಬರು ಅರವತ್ತು ದಾಟಿದ ಹೆಂಗಸು. ಹಿಂದಿನ ಸಾಲಿನಲ್ಲಿ, ಮಡಿಲಲ್ಲಿ ಬ್ಯಾಗು ಇಟ್ಟುಕೊಂಡು ಕೂತಿದ್ದರು. ಚೀಟಿ ಹಂಚಿದಾಗ ಅವರು ಎರಡು ಚೀಟಿ ಕೇಳಿ ಪಡೆದರು. ಬಹಳ ಹೊತ್ತು ಬರೆದರು.

ಅವರ ಎರಡು ಚೀಟಿಗಳೂ ನನ್ನ ಕೈಗೆ ಬಂದವು. ಗುಂಡಗಿನ ಅಕ್ಷರ. ಹೆಸರಿನ ಕೆಳಗೆ ಜಂಗಮಕೋಟೆ ಎಂದಿತ್ತು. ಬರೆದದ್ದು ಹೀಗೆ: ‘ನಾವು ರೇಷ್ಮೆ ಹುಳ ಸಾಕುವವರು. ಹುಳ ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತೇವೆ. ಹುಳ ಜ್ವರಕ್ಕೆ ಕೂತಾಗ ನಮ್ಮಮ್ಮ ಮನೆಯಲ್ಲಿ ಯಾರಿಗೂ ಗಟ್ಟಿಯಾಗಿ ಮಾತಾಡಲು ಬಿಡುತ್ತಿರಲಿಲ್ಲ. ಒಳಗೆ ಬಟ್ಟೆ ಬದಲಾಯಿಸ್ತಾವೆ, ಬಾಗಿಲು ತಟ್ಟಬೇಡಿ ಅನ್ನುತ್ತಿದ್ದಳು. ಇದು ನಮ್ಮಮ್ಮ ಮತ್ತು ಅವಳ ತಂಗಿ ಚಿಕ್ಕವರಿದ್ದಾಗ ಅವರಿಬ್ಬರೇ ಕಟ್ಟಿಕೊಂಡ ಮಾತು. ಬೇರೆ ಕಡೆ, ಅದರಲ್ಲೂ ಗೌರಿಬಿದನೂರು ಕಡೆ, ಯಾರಾದರೂ ಹೀಗೆ ಹೇಳಿದ್ದು ಕೇಳಿದ್ದೀರಾ?’

ವಿಜ್ಞಾನಿಗೆ ಇದನ್ನು ಕೇಳಿದರೆ ಅವರೇನು ಹೇಳಿಯಾರು? ಪ್ರಶ್ನೆಯೇ ಅಲ್ಲದ ಪ್ರಶ್ನೆ ಎಂದುಕೊಂಡು ಎರಡನ್ನೂ ಜೇಬಿಗಿಳಿಸಿದೆ. ವಿದ್ಯಾರ್ಥಿಗಳ ಚೀಟಿ ಮೂರು, ಪರಿಚಯದ ವೈದ್ಯರದೊಂದು ಓದಿದೆ. ನಾನು ಒಂದೊಂದು ಚೀಟಿ ಬಿಡಿಸಿದಾಗಲೂ ಆ ಹೆಂಗಸು ಸ್ವಲ್ಪ ಮುಂದಕ್ಕೆ ಬಾಗುತ್ತಿದ್ದರು. ಅದು ನನಗೆ ಕಾಣಿಸಿತು. ಕಾಣಿಸಲಿಲ್ಲ ಎಂದು ಈಗ ಹೇಳಿದರೆ ಅದು ಇನ್ನೊಂದು ಸುಳ್ಳಾಗುತ್ತದೆ. ವಂದನಾರ್ಪಣೆ ಮುಗಿಯುವವರೆಗೂ ಕೂತಿದ್ದು, ಆಮೇಲೆ ಎದ್ದು ಹೋದರು.

ಮನೆಗೆ ಬಂದು ಜೇಬು ಬರಿದು ಮಾಡುವಾಗ ಆ ಎರಡು ಚೀಟಿಗಳನ್ನು ಮಾತ್ರ ಬಿಸಾಡಲು ಮನಸ್ಸು ಬರಲಿಲ್ಲ. ‘ಒಳಗೆ ಬಟ್ಟೆ ಬದಲಾಯಿಸ್ತಾವೆ’ ಎಂಬ ಮಾತು ನಾಲಿಗೆಗೆ ಹತ್ತಿಬಿಟ್ಟಿತ್ತು. ಡೈರಿಯೊಳಗೆ ಇಟ್ಟೆ.

ಮುಂದಿನ ತಿಂಗಳು ಗೌರಿಬಿದನೂರಿನಲ್ಲಿ ಒಂದು ವಿಚಾರ ಸಂಕಿರಣವಿತ್ತು. ದುಡಿಮೆ ಮತ್ತು ಭಾಷೆ ಎಂಬುದು ವಿಷಯ. ನನ್ನ ಸರದಿ ಬಂದದ್ದು ಊಟದ ನಂತರ. ಊಟದ ನಂತರದ ಗೋಷ್ಠಿಯಲ್ಲಿ ಮಾತಾಡಿದವರಿಗೇ ಆ ಕಷ್ಟ ಗೊತ್ತು. ಹೋಳಿಗೆ ಉಂಡು ಬಂದ ಸಭೆ, ತಿರುಗುವ ಫ್ಯಾನುಗಳು, ಹಾಜರಿಗಾಗಿ ಕೂಡಿಹಾಕಿದ ಮಕ್ಕಳು. ನಾನು ಹತ್ತು ಪುಟದ ಪ್ರಬಂಧ ತಂದಿದ್ದೆ. ಮೂರನೇ ಪುಟಕ್ಕೆ ಬರುವ ಹೊತ್ತಿಗೆ ವೇದಿಕೆಯ ಮೇಲಿದ್ದ ಅಧ್ಯಕ್ಷರೇ ತೂಕಡಿಸುತ್ತಿದ್ದರು. ಕಾಗದ ಪಕ್ಕಕ್ಕಿಟ್ಟೆ. ಜಂಗಮಕೋಟೆಯ ಹೆಣ್ಣುಮಗಳೊಬ್ಬರು ಚೀಟಿಯಲ್ಲಿ ಹೀಗೆ ಬರೆದಿದ್ದರು ಎಂದು ಹೇಳುವುದಕ್ಕೇ ಬಾಯಿ ತೆರೆದೆ. ಹಾಗೆ ಹೇಳಿದರೆ ಆ ಚೀಟಿಗೆ ಏನು ಉತ್ತರ ಕೊಟ್ಟಿರಿ ಎಂದು ಯಾರಾದರೂ ಕೇಳಿಯಾರು ಎನಿಸಿತು. ಬಾಯಿಂದ ಬಂದದ್ದು ಬೇರೆ.

“ನಮ್ಮ ಅಜ್ಜಿ ಒಂದು ಮಾತು ಹೇಳುತ್ತಿದ್ದರು,” ಎಂದೆ.

ಅಧ್ಯಕ್ಷರು ಕಣ್ಣು ಬಿಟ್ಟರು. ಅಜ್ಜಿ ಎಂದರೆ ಕನ್ನಡದ ಸಭೆಗಳಿಗೆ ಅಷ್ಟು ಪ್ರೀತಿ. ಹುಳ ಜ್ವರಕ್ಕೆ ಕೂತಾಗ ಮನೆಯಿಡೀ ಪಿಸುಮಾತಿಗೆ ಇಳಿಯುತ್ತಿದ್ದುದನ್ನು, ಅಜ್ಜಿ ತುಟಿಯ ಮೇಲೆ ಬೆರಳಿಟ್ಟು ಬಟ್ಟೆ ಬದಲಾಯಿಸುವ ಮಾತು ಹೇಳುತ್ತಿದ್ದುದನ್ನು ವರ್ಣಿಸಿದೆ. ಬೆರಳು ನಾನೇ ಸೇರಿಸಿದ್ದು. ಸಭೆ ನಕ್ಕಿತು, ಆಮೇಲೆ ಗಪ್‌ಚಿಪ್ಪಾಯಿತು, ಆಮೇಲೆ ಚಪ್ಪಾಳೆ ಹೊಡೆಯಿತು.

ನನ್ನ ಅಜ್ಜಿಯ ವಿಷಯ ಹೇಳಬೇಕು. ಅಮ್ಮನ ತಾಯಿ. ಕಡಲೆಕಾಯಿ, ರಾಗಿ, ಒಂದೆರಡು ಎಮ್ಮೆ, ಇಷ್ಟೇ ಅವರ ಪ್ರಪಂಚ. ಬದನೆಕಾಯಿಯಲ್ಲಿ ಹುಳ ಕಂಡರೆ ಕಾಯಿಯ ಜೊತೆ ಈಳಿಗೆಮಣೆಯನ್ನೂ ದೂರ ತಳ್ಳುತ್ತಿದ್ದ ಹೆಂಗಸು. ಮೆಲ್ಲಗೆ ಮಾತಾಡುವುದು ಅವರ ಜಾಯಮಾನದಲ್ಲೇ ಇರಲಿಲ್ಲ. ಅವರು ತೀರಿಕೊಂಡು ಆರು ವರ್ಷವಾಗಿತ್ತು. ತೀರಿಕೊಂಡವರ ಬಾಯಲ್ಲಿ ಏನು ಬೇಕಾದರೂ ಹೇಳಿಸಬಹುದು ಎಂಬ ಧೈರ್ಯ ನನಗೆ.

ಅಲ್ಲಿಂದ ಆ ಅಜ್ಜಿಗೆ ಬೇಡಿಕೆ ಬಂತು. ಶಿಡ್ಲಘಟ್ಟದ ಕಾಲೇಜೊಂದರಲ್ಲಿ ಅದೇ ವಿಷಯದ ಮೇಲೆ ಉಪನ್ಯಾಸ ಕೊಡಿ ಎಂದು ಕರೆದರು. ರೇಷ್ಮೆಯ ಊರಿನಲ್ಲಿ ರೇಷ್ಮೆಯ ಮಾತು, ನಾನು ಹೋದೆ. ಹೋಗುವಾಗ ಜಂಗಮಕೋಟೆ ಅಲ್ಲಿಗೆ ಹತ್ತಿರ ಎಂಬುದು ನೆನಪಾಗಲಿಲ್ಲವೇ ಎಂದರೆ, ಆಯಿತು. ಆದರೂ ಹೋದೆ. ಮಾತು ಚೆನ್ನಾಗಿ ನಡೆಯಿತು. ಅಜ್ಜಿಯ ಪ್ರಸಂಗ ಬಂದಾಗ ಹಿಂದಿನ ಸಾಲಿನಲ್ಲಿ ಯಾರೋ “ಬಾಗ ಚೆಪ್ಪಿನಾಡಪ್ಪಾ” ಎಂದು ತೆಲುಗಿನಲ್ಲಿ ಮೆಚ್ಚಿಕೊಂಡರು. ಆ ಕಡೆ ನೋಡಿದೆ. ಹೇಳಿದವರ ಪಕ್ಕದಲ್ಲಿ, ಮಡಿಲಲ್ಲಿ ಬ್ಯಾಗು ಇಟ್ಟುಕೊಂಡು, ಅವರು ಕೂತಿದ್ದರು. ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು.

ಅಲ್ಲಿಯೂ ಚೀಟಿ ಪದ್ಧತಿಯೇ. ನಿರೂಪಣೆ ಮಾಡುತ್ತಿದ್ದವಳು ಹೊಸದಾಗಿ ಕೆಲಸಕ್ಕೆ ಸೇರಿದ್ದ ಅಧ್ಯಾಪಕಿ. ಆರಿಸುವ ಅಭ್ಯಾಸ ಅವಳಿಗಿನ್ನೂ ಬಂದಿರಲಿಲ್ಲ. ಬಂದ ಚೀಟಿಯನ್ನೆಲ್ಲ ಬಂದ ಹಾಗೆಯೇ ಓದುತ್ತಿದ್ದಳು. ಮೂರನೆಯದನ್ನು ಬಿಡಿಸಿ, “ಜಂಗಮಕೋಟೆಯಿಂದ ಬಂದಿರುವ ಅಮ್ಮ ಕೇಳ್ತಿದಾರೆ ಸಾರ್,” ಎಂದಳು. “ನಿಮ್ಮ ಅಜ್ಜಿಯ ತವರು ಯಾವುದು? ನಮ್ಮ ಕಡೆಯವರಾ?”

ಸಭೆಯೆಲ್ಲ ನನ್ನ ಮುಖ ನೋಡುತ್ತಿತ್ತು. ಇಲ್ಲ, ಅದು ನಮ್ಮ ಅಜ್ಜಿಯ ಮಾತಲ್ಲ, ನಿಮ್ಮ ಅಮ್ಮನ ಮಾತು ಎಂದು ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಬರುತ್ತಿರಲಿಲ್ಲ. ನಾನು ಮಾಡಿದ್ದೇನು? ಹೋದ ಊರಿಗೂ ತನಗೂ ನಂಟು ಕಟ್ಟಿಕೊಂಡು ಚಪ್ಪಾಳೆ ಗಿಟ್ಟಿಸುವ ಭಾಷಣಕಾರರ ಹಳೆಯ ಚಾಳಿಯನ್ನು ಹಿಡಿದೆ. ನಮ್ಮ ಅಜ್ಜಿ ಶಿಡ್ಲಘಟ್ಟದ ಸೀಮೆಯಿಂದಲೇ ತೊಂಡೇಬಾವಿಗೆ ಬಂದವರು ಎಂದು ಕೇಳಿದ್ದೇನೆ, ಆ ಲೆಕ್ಕದಲ್ಲಿ ನಾನೂ ನಿಮ್ಮ ಮನೆಯ ಮಗ ಎಂದೆ. ಚಪ್ಪಾಳೆ ಬಿತ್ತು.

ಸಭೆ ಮುಗಿದ ಮೇಲೆ ನಾನು ಹೆಗಲ ಮೇಲಿನ ಶಾಲು ತೆಗೆಯುವುದರೊಳಗೆ ಅವರು ವೇದಿಕೆಯ ಹತ್ತಿರ ಬಂದಿದ್ದರು. ನನ್ನ ಎರಡೂ ಕೈ ಹಿಡಿದುಕೊಂಡರು. ಅವರ ಅಂಗೈ ಒರಟಾಗಿತ್ತು.

“ನಾನು ನಿಂಗೆ ದೊಡ್ಡಮ್ಮ ಆಗ್ತೀನಿ ಕಣಪ್ಪ,” ಎಂದರು.

ಅಲ್ಲಿಯೇ ನಿಂತು ಕತೆ ಹೇಳಿದರು. ಅವರ ಅಮ್ಮನ ತಂಗಿ, ಅಂದರೆ ಅವರ ಚಿಕ್ಕಮ್ಮ, ಹದಿನೇಳು ಹದಿನೆಂಟರ ವಯಸ್ಸಿನಲ್ಲಿ ಮನೆಯವರಿಗೆ ಒಪ್ಪಿಗೆಯಿಲ್ಲದವರ ಜೊತೆ ಹೊರಟುಹೋದಳು. ಗೌರಿಬಿದನೂರು ಕಡೆ ಇದ್ದಾಳೆ ಎಂಬ ಸುದ್ದಿ ಒಮ್ಮೆ ಬಂದದ್ದೇ ಕೊನೆ. ಮನೆಯಲ್ಲಿ ಅವಳ ಹೆಸರು ಎತ್ತುವಂತಿರಲಿಲ್ಲ. ಅಮ್ಮ ಮಾತ್ರ ಹುಳ ಜ್ವರಕ್ಕೆ ಕೂತ ದಿನಗಳಲ್ಲಿ, ಹೇಗೂ ಎಲ್ಲರೂ ಪಿಸುಗುಟ್ಟುವ ಹೊತ್ತಿನಲ್ಲಿ, ತಂಗಿಯ ವಿಷಯ ಮಗಳ ಕಿವಿಯಲ್ಲಿ ಹೇಳುತ್ತಿದ್ದಳಂತೆ. ಸಾಯುವಾಗ ಅವಳನ್ನು ಹುಡುಕು ಎಂದು ಹೇಳಿದಳಂತೆ. ಆ ಮಾತು ಅವರಿಬ್ಬರದೇ. ಅದನ್ನು ಗೌರಿಬಿದನೂರು ಕಡೆ ಯಾರಾದರೂ ಹೇಳುತ್ತಾರೆ ಎಂದರೆ ಅದು ಚಿಕ್ಕಮ್ಮನ ಮನೆಯೇ ಆಗಿರಬೇಕು ಎಂಬುದು ಇವರ ಲೆಕ್ಕ. ಚಿಕ್ಕಬಳ್ಳಾಪುರದ ಸಭೆಗೆ ಎಲ್ಲಾ ತಾಲ್ಲೂಕಿನವರೂ ಬರುತ್ತಾರೆ ಎಂದು ಅಲ್ಲಿಗೂ ಹೋಗಿದ್ದರಂತೆ. ಚೀಟಿ ಬರೆದಿದ್ದೆ, ಅದನ್ನ ಯಾರೂ ಓದಲಿಲ್ಲ, ಬಿಸಾಕಿರ್ತಾರೆ, ಹೋಗ್ಲಿ ಬಿಡು ಎಂದರು. ಆ ದಿನ ನಿರೂಪಕ ನಾನೇ ಎಂಬುದು ಅವರಿಗೆ ನೆನಪಿತ್ತು, ಚೀಟಿ ನನ್ನ ಕೈವರೆಗೆ ಬಂದೇ ಇರಲಿಲ್ಲ ಎಂದುಕೊಂಡಿದ್ದರು. ಅದಕ್ಕೂ ಅವರಿಗೆ ಕೋಪವಿರಲಿಲ್ಲ.

ಆಮೇಲೆ ಕೇಳಿದರು. “ಚಿಕ್ಕಮ್ಮ ಇದಾಳೇನಪ್ಪ?”

ಅಜ್ಜಿ ತೀರಿಕೊಂಡು ಆರು ವರ್ಷವಾಯಿತು ಎಂದೆ. ಅದು ನಿಜವಾದ ಮಾತು. ಅಂದು ನಾನು ಹೇಳಿದ್ದರಲ್ಲೆಲ್ಲ ಅತಿ ದೊಡ್ಡ ಸುಳ್ಳು ಅದೇ. ಅವರು ನನ್ನ ಕೈ ಬಿಡದೆಯೇ ಅತ್ತರು. ತಟ್ಟೆಯಲ್ಲಿ ಕೇಸರಿಬಾತು ಹಿಡಿದು ನಿಂತಿದ್ದವರೆಲ್ಲ ನಮ್ಮನ್ನು ನೋಡಿ ಕಣ್ಣೊರೆಸಿಕೊಂಡರು.

ಚಿಕ್ಕಬಳ್ಳಾಪುರಕ್ಕೆ ವಾಪಸು ಬರುವ ಬಸ್ಸಿನಲ್ಲಿ ನನ್ನನ್ನು ನಾನು ಚೆನ್ನಾಗಿ ಬೈದುಕೊಂಡೆ. ಬೈದುಕೊಂಡರೆ ಏನೋ ಮಾಡಿದಂತೆ ಅನಿಸುತ್ತದೆ. ನಾಳೆಯೇ ಅವರ ಫೋನ್ ನಂಬರು ಪತ್ತೆ ಮಾಡಿ ಹೇಳಿಬಿಡಬೇಕು ಎಂದುಕೊಂಡೆ. ಮಾಡಲಿಲ್ಲ.

ಹದಿನೈದು ದಿನಕ್ಕೆ ತೊಂಡೇಬಾವಿಯಿಂದ ಅಮ್ಮನ ಫೋನು ಬಂತು.

“ಲೋ, ನಮ್ಮಮ್ಮನ ಕೈಲಿ ಯಾವಾಗ ಹುಳ ಸಾಕಿಸ್ದೆ ನೀನು?” ಎಂದಳು.

ಜಂಗಮಕೋಟೆಯ ಆ ಹೆಂಗಸು ನಾಲ್ಕು ಬಸ್ಸು ಬದಲಾಯಿಸಿ, ಅಲ್ಲಲ್ಲಿ ಮನೆ ವಿಚಾರಿಸಿಕೊಂಡು, ಸೀರೆ, ಹೂವು, ಮನೆಯ ಹಸುವಿನ ತುಪ್ಪ ಹಿಡಿದುಕೊಂಡು ಬಂದಿದ್ದರು. ಅಮ್ಮನನ್ನು ತಂಗಿ ಎಂದು ಕರೆದರಂತೆ. ಅಮ್ಮ ನಯವಾಗಿಯೇ ತನ್ನ ತಾಯಿಯ ತವರು ತೊಂಡೇಬಾವಿಯ ಪಕ್ಕದ ಹಳ್ಳಿಯೇ, ಅಲ್ಲಿ ಯಾರೂ ರೇಷ್ಮೆ ಕಂಡವರಲ್ಲ ಎಂದು ಹೇಳಿದಳು. ಅವರು ನಂಬಲಿಲ್ಲ. ಓಡಿಹೋಗಿ ಬಂದವಳು ಮಕ್ಕಳಿಗೆ ತನ್ನ ಊರಿನ ಹೆಸರು ಹೇಳಿರುತ್ತಾಳೆಯೇ, ಮುಚ್ಚಿಟ್ಟಿರುತ್ತಾಳೆ, ಆದರೆ ಮೊಮ್ಮಗನ ಕಿವಿಗೆ ಆ ಮಾತು ಹೇಗೋ ಬಿದ್ದಿದೆ ಎಂದು ಅಮ್ಮನನ್ನೇ ಸಮಾಧಾನ ಮಾಡಿದರಂತೆ. ಗೋಡೆಯ ಮೇಲಿದ್ದ ಅಜ್ಜಿಯ ಫೋಟೋಗೆ ತಾವು ತಂದ ಹೂವು ಮುಡಿಸಿ, ಮೂಗು ನಮ್ಮಮ್ಮನ ಥರವೇ ಇದೆ ಎಂದರಂತೆ.

ಅಮ್ಮ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. “ಆಯಮ್ಮ ನನ್ನ ಮಾತು ನಂಬಲ್ಲ. ನಿನ್ನ ಮಾತೇ ನಂಬೋದು. ನೀನೇ ಹೋಗಿ ಹೇಳ್ಬಾ,” ಎಂದು ಫೋನು ಇಟ್ಟಳು.

ಬರುವ ಭಾನುವಾರ ಹೋಗುತ್ತೇನೆ ಎಂದು ಅಮ್ಮನಿಗೆ ಮೆಸೇಜು ಹಾಕಿದೆ. ಆ ಭಾನುವಾರ ಚಿಂತಾಮಣಿಯಲ್ಲಿ ವಿಚಾರ ಸಂಕಿರಣವಿತ್ತು. ನನ್ನ ಪ್ರಬಂಧದ ಸಾರಾಂಶ ಆಗಲೇ ಅಚ್ಚಾಗಿತ್ತು, ಅದರಲ್ಲಿ ಅಜ್ಜಿಯೂ ಇದ್ದಳು. ಅಚ್ಚಾದದ್ದನ್ನು ಬದಲಿಸುವುದು ಹೇಗೆ ಎಂದು ನನಗೆ ನಾನೇ ಸಬೂಬು ಹೇಳಿಕೊಂಡು ಅಲ್ಲಿಯೂ ಅದೇ ಕತೆ ಹೇಳಿದೆ. ಅದರ ಮುಂದಿನ ಭಾನುವಾರ ಜ್ವರ ಎಂದೆ. ನಿಜವಾಗಿ ನೆಗಡಿ ಅಷ್ಟೇ. ಮೂರನೇ ಭಾನುವಾರ ಇನ್ನು ತಪ್ಪಿಸಿಕೊಳ್ಳಲಾಗದೆ ಡೈರಿಯೊಳಗಿನ ಚೀಟಿಗಳನ್ನು ತೆಗೆದುಕೊಂಡು ಜಂಗಮಕೋಟೆಯ ಬಸ್ಸು ಹತ್ತಿದೆ.

ಅವರು ಮನೆಯಲ್ಲಿರಲಿಲ್ಲ, ಪಕ್ಕದ ಹುಳುಮನೆಯಲ್ಲಿದ್ದರು. ಹುಳ ಸಾಕುವುದಕ್ಕೆಂದೇ ಕಟ್ಟಿದ ಉದ್ದನೆಯ ಶೆಡ್ಡು ಅದು. ಬಾಗಿಲಲ್ಲಿ ನನ್ನನ್ನು ಕಂಡು ಮುಖ ಅರಳಿತು. ನಾನು ಬಾಯಿ ತೆರೆಯುವ ಮೊದಲೇ ತುಟಿಯ ಮೇಲೆ ಬೆರಳಿಟ್ಟು, ಚಪ್ಪಲಿ ಬಿಡು ಎಂದು ಸನ್ನೆ ಮಾಡಿದರು. ನಾನು ಸಭೆಗಳಲ್ಲಿ ಸೇರಿಸಿ ಹೇಳುತ್ತಿದ್ದ ಬೆರಳು ಅಲ್ಲಿ ನಿಜವಾಗಿಯೇ ಇತ್ತು. ಒಳಗೆ ಸ್ಟ್ಯಾಂಡುಗಳ ತುಂಬ ಹುಳಗಳು ತಲೆ ಎತ್ತಿ ಅಲ್ಲಾಡದೆ ಕೂತಿದ್ದವು. ಅವುಗಳ ಮೇಲೆ ಅವರು ತೆಳ್ಳಗೆ ಸುಣ್ಣದ ಪುಡಿ ಉದುರಿಸುತ್ತಿದ್ದರು. ನಾಲ್ಕನೇ ಜ್ವರ ಕಣಪ್ಪ ಎಂದು ಪಿಸುಗುಟ್ಟಿದರು.

ಹಾಗಾಗಿ ನಾನು ನನ್ನ ತಪ್ಪನ್ನು ಪಿಸುಮಾತಿನಲ್ಲಿ ಹೇಳಬೇಕಾಯಿತು. ವೇದಿಕೆಯ ಮೇಲೆ ಗಂಟೆಗಟ್ಟಲೆ ಮಾತಾಡುವ ನನಗೆ ಆ ಹತ್ತು ವಾಕ್ಯ ಹೇಳುವಷ್ಟರಲ್ಲಿ ಬೆವರು ಇಳಿಯಿತು. ಚೀಟಿ ನನಗೆ ಸಿಕ್ಕಿತ್ತು, ನಾನೇ ಓದಲಿಲ್ಲ, ಆ ಮಾತು ಕದ್ದೆ, ನಮ್ಮ ಅಜ್ಜಿ ನಿಮ್ಮ ಚಿಕ್ಕಮ್ಮ ಅಲ್ಲ ಎಂದೆ. ಎರಡು ಚೀಟಿಗಳನ್ನೂ ಅವರ ಮುಂದೆ ಹಿಡಿದೆ.

ಅವರು ಚೀಟಿ ತೆಗೆದುಕೊಂಡು ತಮ್ಮದೇ ಅಕ್ಷರವನ್ನು ಬಹಳ ಹೊತ್ತು ನೋಡಿದರು. ಸುಣ್ಣದ ಕೈಯ ಗುರುತು ಚೀಟಿಯ ಮೇಲೆ ಬಿತ್ತು. ಬೈಯುತ್ತಾರೆ ಎಂದು ನಾನು ಕಾದೆ. ಜ್ವರಕ್ಕೆ ಕೂತ ಹುಳಗಳ ಮುಂದೆ ಅವರು ಹೇಗೂ ಬೈಯುವಂತಿರಲಿಲ್ಲ.

“ಮಹಾಲಯ ಅಮಾವಾಸ್ಯೆಲಿ ಅಮ್ಮನ ಪಕ್ಕದಲ್ಲಿ ಚಿಕ್ಕಮ್ಮಂಗೂ ಎಡೆ ಇಟ್ಬಿಟ್ಟೆ ಸಾರ್,” ಎಂದರು. “ಆಯಮ್ಮ ಎಲ್ಲಾದ್ರೂ ಬದ್ಕಿದ್ರೆ?”

ಅಮಾವಾಸ್ಯೆ ಹೋಗಿ ನಾಲ್ಕೇ ದಿನವಾಗಿತ್ತು. ಅಮ್ಮನಿಗೆ ಹೇಳಿದ ಮೊದಲ ಭಾನುವಾರವೇ ನಾನು ಬಂದಿದ್ದರೆ ಬದುಕಿರಬಹುದಾದ ಒಬ್ಬ ಹೆಂಗಸಿಗೆ ಆ ಎಲೆ ಹಾಕುತ್ತಿರಲಿಲ್ಲ. ನಾನು ಮತ್ತೆ ಸಾರ್ ಆಗಿದ್ದೆ. ಕಣಪ್ಪ ಎಂದು ಅವರು ಆಮೇಲೆ ಒಮ್ಮೆಯೂ ಅನ್ನಲಿಲ್ಲ. ಕ್ಷಮಿಸಿ ಎಂದದ್ದು ನನಗೇ ಕೇಳಿಸಲಿಲ್ಲ.

ಹೊರಗೆ ಬಂದ ಮೇಲೆ ಕೈ ತೊಳೆದು ಮಜ್ಜಿಗೆ ಕೊಟ್ಟರು. ಚೀಟಿಗಳನ್ನು ವಾಪಸು ನನ್ನ ಕೈಯಲ್ಲೇ ಇಟ್ಟರು. ಅವತ್ತು ಓದಬೇಕಾಗಿದ್ದುದನ್ನು ಈಗ ಓದಿ, ಗೌರಿಬಿದನೂರಲ್ಲಿ ಓದಿ, ಮೈಕಿನಲ್ಲಿ ಓದಿ, ಊರಿನ ಹೆಸರು ಸಮೇತ ಓದಿ ಎಂದರು. ಅಷ್ಟೇ ಅವರು ನನ್ನಿಂದ ಕೇಳಿದ್ದು. ನನ್ನ ಫೋನಿನಲ್ಲಿ ಅವರ ನಂಬರನ್ನು ಅವರೇ ಒತ್ತಿಕೊಟ್ಟರು.

ಗೌರಿಬಿದನೂರಿನವರು ಒಂದು ಉಪನ್ಯಾಸಕ್ಕೆ ಮತ್ತೆ ಕರೆಯುವವರೆಗೆ ಎರಡು ತಿಂಗಳು ಹಿಡಿಯಿತು. ವಿಷಯ ಬೇರೆಯೇ ಇತ್ತು. ಅದನ್ನು ಬೇಗ ಮುಗಿಸಿ, ಜೇಬಿನಿಂದ ಚೀಟಿ ತೆಗೆದು, ಇದೇ ಊರಿನಲ್ಲಿ ಹಿಂದೆ ನಾನು ಅಜ್ಜಿಯ ಹೆಸರಿನಲ್ಲಿ ಸುಳ್ಳು ಹೇಳಿದ್ದೆ ಎಂದೆ. ಸಭೆ ನೆಟ್ಟಗಾಯಿತು. ಚೀಟಿಯನ್ನು ಒಂದಕ್ಷರ ಬಿಡದೆ ಓದಿದೆ. ಆ ಚಿಕ್ಕಮ್ಮ ಬದುಕಿದ್ದರೆ ಈಗ ಎಂಬತ್ತು ದಾಟಿರುತ್ತಾರೆ, ಅವರ ಮಕ್ಕಳೋ ಮೊಮ್ಮಕ್ಕಳೋ ಇಲ್ಲಿ ಇದ್ದರೆ, ಈ ಮಾತನ್ನು ಯಾರ ಬಾಯಲ್ಲಾದರೂ ಕೇಳಿದವರಿದ್ದರೆ, ದಯವಿಟ್ಟು ಎದ್ದು ನಿಲ್ಲಿ ಎಂದು ಕೇಳಿದೆ.

ಒಂದು ನಿಮಿಷ ಯಾರೂ ಅಲ್ಲಾಡಲಿಲ್ಲ. ಆಮೇಲೆ ಮುಂದಿನ ಸಾಲಿನಿಂದ ಚಪ್ಪಾಳೆ ಶುರುವಾಯಿತು. ಅದು ಹಿಂದಿನ ಸಾಲಿನವರೆಗೂ ಹೋಯಿತು. ನಾನು ಕೈ ಮುಗಿದು ಸಾಕು ಎಂದಷ್ಟೂ ಜೋರಾಯಿತು. ಅಧ್ಯಕ್ಷರು ಮೈಕು ತೆಗೆದುಕೊಂಡು, ಸಾರ್ವಜನಿಕವಾಗಿ ತಪ್ಪು ಒಪ್ಪಿಕೊಳ್ಳುವ ಇಂಥ ಪ್ರಾಮಾಣಿಕರು ಅಪರೂಪ ಎಂದು ಹೊಗಳಿದರು. ವಂದನಾರ್ಪಣೆಯಲ್ಲಿ ಅದನ್ನೇ ಇನ್ನೊಮ್ಮೆ ಹೇಳಿದರು. ಹಾರ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಬಂದವು. ಹಿಂದಿನ ಸಲಕ್ಕಿಂತ ದೊಡ್ಡ ಶಾಲು. ಚೀಟಿಯಲ್ಲಿ ಇದ್ದ ಪ್ರಶ್ನೆಯ ಬಗ್ಗೆ ಯಾರೂ ಒಂದು ಮಾತು ಆಡಲಿಲ್ಲ.

ಬಸ್‌ ಸ್ಟ್ಯಾಂಡಿನಲ್ಲಿ ಹಣ್ಣಿನ ಬುಟ್ಟಿ ಕಾಲ ಬಳಿ ಇಟ್ಟುಕೊಂಡು ಜಂಗಮಕೋಟೆಗೆ ಫೋನು ಮಾಡಿದೆ. ಒಂದೇ ರಿಂಗಿಗೆ ಎತ್ತಿಕೊಂಡರು. ಓದಿದಿರಾ ಎಂದು ಕೇಳಿದರು. ಎಲ್ಲಾ ಓದಿದೆ, ನಿಮ್ಮ ಹೆಸರು, ಊರು ಎಲ್ಲಾ ಹೇಳಿದೆ ಎಂದೆ.

“ಯಾರಾದ್ರೂ ಎದ್ರಾ ಸಾರ್?”

“ಇಲ್ಲಮ್ಮ.”

“ಮತ್ತೇನ್ ಮಾಡಿದ್ರು?”

“ಚಪ್ಪಾಳೆ ಹೊಡೆದ್ರು.”



“ಯಾಕೆ?” ಎಂದರು.